ಷಡ್ಡಕನ ಕ್ಯಾಮೆರಾ ಮತ್ತು ನನ್ನ ಅನುಮಾನ

ಅನುಮಾನ ನನ್ನ ಹುಟ್ಟುಗುಣ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ. ಕಂಡಕ್ಟರು ಹೇಳಿದ ಮೇಲೆ ಪಕ್ಕದ ಸೀಟಿನವರನ್ನು ಕೇಳುತ್ತೇನೆ. ಮೇಷ್ಟರ ಕೆಲಸದಲ್ಲಿ ಈ ಗುಣಕ್ಕೆ ಬೆಲೆಯುಂಟು, ಕಾಪಿ ಹೊಡೆಯುವವರು ನನ್ನ ಕೊಠಡಿಯೆಂದರೆ ಹೆದರುತ್ತಾರೆ. ಪರೀಕ್ಷಾ ಕೊಠಡಿಯ ಆಚೆ ಅದು ನನ್ನನ್ನು ಎಲ್ಲೆಲ್ಲಿ ನಿಲ್ಲಿಸಿದೆ ಎಂದು ಹೇಳಿಕೊಳ್ಳಲು ಮಾತ್ರ ಸಂಕೋಚ.

ಹೆಗ್ಗಡದೇವನಕೋಟೆಯ ಹತ್ತಿರ ಮಾವನವರ ಊರಿನಲ್ಲಿ ಅವರ ಮೊಮ್ಮಗಳ ನಾಮಕರಣವಿತ್ತು. ಹೊಲದ ದಾರಿಯ ಜಗಳದಿಂದ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಮಾವನವರೂ ಅವರ ತಮ್ಮನೂ ಆ ದಿನ ಮಗುವಿನ ನೆಪದಲ್ಲಿ ಒಟ್ಟಿಗೆ ನಿಂತರು. ಹೆಂಗಸರು ಕಣ್ಣೊರೆಸಿಕೊಂಡರು. ನಾನು ಫೋಟೋ ತೆಗೆದೆ. ಕ್ಯಾಮೆರಾ ಕೆ.ಆರ್. ನಗರದ ನನ್ನ ಷಡ್ಡಕನದು, ಹೊಸ ಡಿಜಿಟಲ್. ಒತ್ತುವ ಗುಂಡಿ ಯಾವುದೆಂದು ತೋರಿಸಿ, "ಫೋಟೋ ಎಲ್ಲಾ ಕಾರ್ಡಲ್ಲಿ ಕೂತಿರ್ತವೆ, ಅದನ್ನ ಅಂಗಡಿಗೆ ಕೊಟ್ರೆ ಆಯ್ತು" ಎಂದಷ್ಟೇ ಹೇಳಿದ್ದ.

ನಮ್ಮೂರಿಗೆ ಬಂದು, ಕ್ಯಾಮೆರಾ ಚೀಲದ ಜೇಬಿನಲ್ಲಿ ಸಿಕ್ಕಿದ ಕಾರ್ಡನ್ನು ಹಿಡಿದು ಪಿರಿಯಾಪಟ್ಟಣದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯಾತ ಮೊದಲು ಸ್ಟುಡಿಯೋ ಇಟ್ಟಿದ್ದವನು. ಡಿಜಿಟಲ್ ಬಂದು ಈತನ ರೀಲು ತೊಳೆಯುವ ಕೆಲಸ ನಿಂತಿದೆ. ಹೊಟ್ಟೆಯುರಿ ಇಲ್ಲದೆ ಇರುತ್ತದೆಯೇ? ಸಾಲದ್ದಕ್ಕೆ ಕಂಪ್ಯೂಟರಿನ ಮುಖ ಅವನ ಕಡೆಗಿತ್ತು. ಫೋಟೋ ಅಳಿಸಿಬಿಟ್ಟರೆ ಸಾಕ್ಷಿಗಿರಲಿ ಎಂದು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಅವನಿಗೆ ಗೊತ್ತಾಗದಂತೆ ನಾಲ್ಕು ಸಲ ಗುಂಡಿ ಒತ್ತಿದೆ.

"ಖಾಲಿ ಕಣ್ಸಾ" ಎಂದ.

"ಅದ್ಹೇಗೆ ಖಾಲಿ? ನಾನೇ ತೆಗೆದಿದ್ದೀನಲ್ರೀ!"

"ನಾನೇನು ತಿಂದ್ಬುಟ್ನಾ ಸಾ?"

ಮನೆಯಲ್ಲಿ ಹೆಂಡತಿಗೆ ಬೇರೆಯೇ ಅನುಮಾನ. "ನೀವು ಗುಂಡಿ ಒತ್ತಿದ್ರೋ, ಸುಮ್ನೆ ಹಿಡ್ಕೊಂಡು ನಿಂತಿದ್ರೋ?" ಅವಳ ಮೂಲಕ ಸುದ್ದಿ ತವರು ಮುಟ್ಟಿತು. ಎರಡೇ ದಿನಕ್ಕೆ ಚಿಕ್ಕಮಾವನ ಫೋನು: "ನನ್ ಪಕ್ಕ ನಿಂತಿದ್ದು ಅವಮಾನ ಅಂತ ನಮ್ಮಣ್ಣನೇ ಹೇಳಿ ಅಳಿಸವ್ನೆ. ನಂಗೊತ್ತಾಗಲ್ವಾ ಅಳಿಯಂದ್ರೇ?" ಹನ್ನೊಂದು ವರ್ಷದ ಜಗಳ ನನ್ನ ದೆಸೆಯಿಂದ ಹನ್ನೆರಡನೆಯದಕ್ಕೆ ಕಾಲಿಡುತ್ತಿತ್ತು. ಗಾಬರಿಯಾಗಿ ಮತ್ತೆ ಅದೇ ಅಂಗಡಿಗೆ ಓಡಿದೆ.

ಈ ಸಲ ಆತ ಕ್ಯಾಮೆರಾವನ್ನೇ ಕೇಳಿದ. ಅದರ ದಾರವನ್ನು ನನ್ನ ಬೆರಳಿಗೆ ಸುತ್ತಿಕೊಂಡೇ ಕೊಟ್ಟೆ. ತಳದ ಮುಚ್ಚಳ ತೆಗೆದು ನೋಡಿ ನಕ್ಕ. "ಕಾರ್ಡ್ ಹಾಕ್ದೇನೇ ತೆಗ್ದಿದ್ದೀರ ಸಾ. ಕ್ಯಾಮೆರಾ ಒಳ್ಗೂ ಒಸಿ ಜಾಗ ಇರ್ತದೆ. ಅಲ್ಲೇ ಕೂತವೆ ಬುಡಿ."

ವೈರು ಚುಚ್ಚಿ, ಕಂಪ್ಯೂಟರನ್ನು ತಾನಾಗಿಯೇ ನನ್ನ ಕಡೆ ತಿರುಗಿಸಿದ. ತೊಟ್ಟಿಲು ಬಂತು, ಮಗು ಬಂತು, ಭುಜಕ್ಕೆ ಭುಜ ತಾಗಿಸಿ ನಿಂತ ಅಣ್ಣತಮ್ಮಂದಿರು ಬಂದರು. ನನ್ನ ಕಣ್ಣೂ ತೇವವಾಯಿತು. ಅವರ ಹಿಂದೆಯೇ ಅಂಗಡಿಯಾತನ ಬೆನ್ನು, ಆತನ ಕೈ, ಮೇಜಿನ ಖಾನೆ, ಕೊನೆಗೆ ಆತನ ಮುಖ ಬಂದವು.

"ಇದ್ಯಾರ್ ನಾಮಕರಣ ಸಾ?"

"ಬೆಳಕು ಹೇಗಿದೆ ಅಂತ ಪರೀಕ್ಷೆ ಮಾಡ್ತಿದ್ದೆ" ಎಂದೆ. ಕಾಪಿ ಹೊಡೆದು ಸಿಕ್ಕಿಬಿದ್ದವರ ದನಿ ನನ್ನ ಬಾಯಿಂದಲೇ ಹೊರಟಿತು.

ಆತ ತನ್ನ ಮುಖವನ್ನೇ ನೋಡುತ್ತ ಕುಳಿತ. "ಊರೋರ್ದೆಲ್ಲಾ ನಾನ್ ತೆಗ್ದೆ. ನಂದನ್ನ ಯಾರೂ ತೆಗ್ದಿರ್ಲಿಲ್ಲ ಕಣ್ಸಾ. ಇದನ್ನೊಂದು ನಾನ್ ಇಟ್ಕತೀನಿ." ಮಿಕ್ಕಿದ್ದನ್ನು ಸೀಡಿಗೆ ಹಾಕಿ, ಲಕೋಟೆಯಲ್ಲಿಟ್ಟು ಕೊಟ್ಟ. ನಾನು ತಲೆ ಎತ್ತದೆ ಇಸಿದುಕೊಂಡೆ.

ಅಣ್ಣತಮ್ಮಂದಿರು ಒಟ್ಟಿಗೆ ನಿಂತ ಫೋಟೋ ಈಗ ಅಣ್ಣನ ಮನೆಯ ಗೋಡೆಯಲ್ಲೂ ಇದೆ, ತಮ್ಮನ ಮನೆಯ ಗೋಡೆಯಲ್ಲೂ ಇದೆ. ಅವರು ಮತ್ತೆ ಮಾತು ಬಿಡಲಿಲ್ಲ. ಆದರೆ ಆ ದಿನ ನಾನು ಅಂಗಡಿಯಿಂದ ಇಳಿದು, ರಸ್ತೆಯ ತಿರುವಿನವರೆಗೆ ನಡೆದು, ಆತನಿಗೆ ಕಾಣುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಲಕೋಟೆ ಬಿಚ್ಚಿದೆ. ಸೀಡಿ ಇತ್ತು. ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಅದರೊಳಗೆ ಫೋಟೋ ಇದೆಯೋ ಇಲ್ಲವೋ, ಬರಿಗಣ್ಣಿಗೆ ಗೊತ್ತಾಗುವುದಾದರೂ ಹೇಗೆ?