ಜಾಗ ತಿನ್ನುವ ಹಲಗೆಗಳು

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಕಬ್ಬಿಣದ ಬೀರು. ಅದೂ ಪೈಪಣ್ಣನದಲ್ಲ, ಪಕ್ಕದ ಮನೆ ಗುಮಾಸ್ತರದ್ದು.

ಪೈಪಣ್ಣ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಗುಮಾಸ್ತರು ಕಾಂಪೌಂಡ್ ಗೋಡೆಯ ಮೇಲೆ ಗದ್ದ ಊರಿ, "ಏನಪ್ಪಾ ಪೈಪಣ್ಣ, ಬರೋ ಭಾನುವಾರ ನಮ್ಮ ಬೀರೂನ ಮಗಳ ಮನೆಗೆ ಸಾಗಿಸ್ಬೇಕಲ್ಲ. ನಿನ್ನ ಗಾಡಿ ಹೇಗೂ ಸುಮ್ನೆ ನಿಂತಿರುತ್ತೆ" ಎಂದರು.

ಪೈಪಣ್ಣ ನೊರೆ ಉಗಿದ. 'ಆಗೋದಿಲ್ಲ ಸಾರ್, ನನಗೆ ಸಿಗೋದೇ ಅದೊಂದು ರಜ' ಎನ್ನುವ ಮಾತು ಗಂಟಲವರೆಗೂ ಬಂತು. ಬಾಯಿಂದ ಹೊರಬಿದ್ದದ್ದು ಮಾತ್ರ, "ಅದಕ್ಕೇನು ಸಾರ್, ನಿಮಗೆ ಇಲ್ಲ ಅಂತೀನಾ?"

ಇದೇ ಅವನ ಜಾಡ್ಯ. ನಲ್ಲಿ, ಪೈಪು, ಟ್ಯಾಂಕು ರಿಪೇರಿಯಲ್ಲಿ ಎತ್ತಿದ ಕೈ. ಆದರೆ 'ಇಲ್ಲ' ಎಂಬ ಎರಡಕ್ಷರ ಹುಟ್ಟಿದಾಗಿನಿಂದ ಅವನ ನಾಲಿಗೆಗೆ ಹತ್ತಿಲ್ಲ. ಅದರ ಮೇಲೆ ಮನೆ ಮುಂದೆ ಪಿಕಪ್ ಗಾಡಿ ಬೇರೆ. ಕೇಳಬೇಕೆ! ಬೀದಿಯಲ್ಲಿ ಯಾರು ಮನೆ ಬದಲಾಯಿಸಿದರೂ, ಯಾರ ಸೋಫಾ ಹರಿದರೂ, ಎದುರು ಅಂಗಡಿ ದರ್ಜಿಯ ಹೊಲಿಗೆ ಮೆಷಿನ್ನು ಕೆಟ್ಟರೂ ಸಾಗಿಸುವುದು ಪೈಪಣ್ಣನ ಗಾಡಿ. ಹೊರುವವನೂ ಅವನೇ, ಇಳಿಸುವವನೂ ಅವನೇ, 'ಮೆಲ್ಲಗೆ ಕಣೋ, ಗೋಡೆಗೆ ಉಜ್ಜುತ್ತೆ' ಅಂತ ಬೈಸಿಕೊಳ್ಳುವವನೂ ಅವನೇ.

ಬೇರೆ ದಿನವಾಗಿದ್ದರೆ ಒಳಗೇ ಕುದಿಯುತ್ತಿದ್ದ. ಅವತ್ತು ಕುದಿಯಲಿಲ್ಲ. ಅವತ್ತು ಸಂಜೆ ಮಾವ ಹೊರಡುವವರಿದ್ದರು.

ಮಾವ ನಿವೃತ್ತ ಡ್ರಿಲ್ ಮೇಷ್ಟ್ರು. ಶಾಲೆ ಅವರನ್ನು ಬಿಟ್ಟಿತ್ತು, ಅವರು ಸೀಟಿ ಊದುವುದನ್ನು ಬಿಟ್ಟಿರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಅವರು ಆರು ತಿಂಗಳು ದೊಡ್ಡ ಮಗಳಾದ ಪೈಪಣ್ಣನ ಹೆಂಡತಿಯ ಮನೆ, ಆರು ತಿಂಗಳು ಚಿಕ್ಕ ಮಗಳ ಮನೆ. ಕತ್ತಲಿರುವಾಗಲೇ ಒಂದು ಸೀಟಿ, ಏಳಲಿಕ್ಕೆ. ಇನ್ನೊಂದು ಸೀಟಿ, ಸ್ನಾನಕ್ಕೆ. ಊಟಕ್ಕೆ ಕೂರಲು ಉದ್ದ ಸೀಟಿ, ಏಳಲು ಗಿಡ್ಡ ಸೀಟಿ. ಇವೆಲ್ಲ ಮುಗಿದ ಮೇಲೆ ಅವರು ತಮ್ಮ ಅಪ್ಪನ ಕಾಲದ ತೇಗದ ಮಂಚದ ಮೇಲೆ ಹಾಯಾಗಿ ಗೊರಕೆ ಹೊಡೆಯುತ್ತಿದ್ದರು. ಪೈಪಣ್ಣ ಮಾತ್ರ ಕನಸಿನಲ್ಲೂ ಸಾಲಾಗಿ ನಿಂತಿರುತ್ತಿದ್ದ. ಮಾವ ಹೋದ ಮಾರನೆಯ ದಿನ ಬಿಸಿಲು ಮುಖಕ್ಕೆ ಬಡಿಯುವ ತನಕ ಮಲಗಬೇಕು ಎಂಬುದೊಂದೇ ಅವನ ಬಾಳಿನ ಆಸೆಯಾಗಿತ್ತು. ಸಂಜೆ ಷಡ್ಡಕ, ಅಂದರೆ ನಾದಿನಿಯ ಗಂಡ, ಕಾರು ತಂದು ಮಾವನನ್ನು ಕರೆದೊಯ್ಯುವುದೆಂದು ಮಾತಾಗಿತ್ತು.

ಇಂಥ ಶುಭದಿನ ತಲೆಯೂ ಚುರುಕಾಗುತ್ತದೆ ನೋಡಿ. ಮುಖ ತೊಳೆಯುವಾಗ ಪೈಪಣ್ಣನಿಗೊಂದು ಉಪಾಯ ಹೊಳೆಯಿತು. ಗಾಡಿಯ ಹಿಂಭಾಗದ ಬಾಡಿಯ ಎರಡೂ ಪಕ್ಕದಲ್ಲಿ ಸಾಮಾನು ತೂಗುಹಾಕುವ ಹಲಗೆ ಕೂರಿಸಿದರೆ? ಉರುಳಾಡುವ ರೆಂಚು, ಸುತ್ತಿಗೆಗಳಿಗೆ ಒಂದು ನೆಲೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಬಾಡಿಯೊಳಗೆ ಜಾಗ ಕಿರಿದಾಗುತ್ತದೆ. ಜಾಗವೇ ಇಲ್ಲದ ಗಾಡಿಯನ್ನು ಯಾರು ಕೇಳುತ್ತಾರೆ? ತಾನು ಹೇಳಲಾರದ 'ಇಲ್ಲ'ವನ್ನು ಗಾಡಿಯೇ ಹೇಳುತ್ತದೆ! ಸಂತೋಷಕ್ಕೆ ಅವನು ಎರಡೆರಡು ಸಲ ಮುಖ ತೊಳೆದುಕೊಂಡ.

ಗಾಡಿ ಸ್ಟಾರ್ಟ್ ಮಾಡುವಷ್ಟರಲ್ಲಿ ಗುಮಾಸ್ತರು ಬಾಗಿಲು ತೆಗೆದು ಪಕ್ಕದಲ್ಲಿ ಕೂತಾಗಿತ್ತು.

"ಎಲ್ಲಿಗೆ ಸವಾರಿ?"

"ಗಾಡಿಗೆ ಹಲಗೆ ಹಾಕ್ಸೋಕೆ ಸಾರ್. ಸಾಮಾನೆಲ್ಲ ಉರುಳಾಡುತ್ತೆ."

"ಒಬ್ನೇ ಹೋದ್ರೆ ನಿನಗೆ ಟೋಪಿ ಹಾಕಿ ಕಳಿಸ್ತಾರೆ. ನಡಿ, ನಾನು ಬರ್ತೀನಿ."

ಇದನ್ನು ಕೇಳಿಸಿಕೊಂಡ ದರ್ಜಿ ಕತ್ತಿನ ಟೇಪನ್ನೂ ತೆಗೆಯದೆ ಓಡಿಬಂದು ಹಿಂದೆ ಹತ್ತಿದ. "ಅಳತೆ ಅಂದ್ಮೇಲೆ ನಾನಿಲ್ದೆ ಆಗುತ್ತಾ?"

"ಅಲ್ಲಯ್ಯಾ, ಅಂಗಡಿಗೆ ಗಿರಾಕಿ ಬಂದ್ರೆ?" ಎಂದರು ಗುಮಾಸ್ತರು.

"ಬಂದ್ರೆ ಕಾಯ್ತಾರೆ. ಅವರಿಗೆ ಅಭ್ಯಾಸ ಇದೆ" ಎಂದ ದರ್ಜಿ.

ಗಾಡಿಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಯಜಮಾನನೇ ವೆಲ್ಡರು. ಬೆಸುಗೆಯ ಮುಖವಾಡವನ್ನು ಹಣೆಗೆ ಏರಿಸಿಕೊಂಡು ಬಂದು, ಗೋಡೆಗೆ ಒರಗಿಸಿದ್ದ ಹಲಗೆಗಳನ್ನು ಒಂದೊಂದಾಗಿ ತೋರಿಸಿದ.

"ಇದು ನೋಡಿ, ತೂತು ಹೊಡೆದ ತಗಡು. ಯಾವ ತೂತಿಗೆ ಬೇಕಾದ್ರೂ ಕೊಕ್ಕೆ ಸಿಕ್ಕಿಸ್ಕೋಬಹುದು. ಗಾಡಿ ಮೈಗೆ ಅಂಟಿಕೊಂಡ ಹಾಗೆ ಕೂರುತ್ತೆ. ಒಂದು ಬೆರಳು ಜಾಗಾನೂ ತಿನ್ನಲ್ಲ."

"ಭೇಷ್! ಇದೇ ಇರ್ಲಿ, ಹಾಕಿಬಿಡಿ" ಎಂದರು ಗುಮಾಸ್ತರು, ಗಾಡಿ ತಮ್ಮದೇ ಎಂಬಂತೆ. ಅವರ ಕಣ್ಣಲ್ಲಿ ಬೀರು ಆಗಲೇ ಗಾಡಿ ಹತ್ತಿ ಕೂತಿತ್ತು.

ಪೈಪಣ್ಣ ತಲೆ ಕೆರೆದುಕೊಂಡ. "ಸ್ವಲ್ಪ ಜಾಗ ತಿನ್ನೋದು ಇಲ್ವಾ?"

ಯಜಮಾನ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹಾಗಾದ್ರೆ ಇದು? ಮಡಚೋ ಹಲಗೆ. ಬೇಕಾದಾಗ ಬಿಡಿಸಿ, ಬೇಡದಾಗ ಮಡಚಿ."

"ಅಯ್ಯೋ, ಇದು ಬೊಂಬಾಟ್ ಕಣೋ! ಮಡಚಿದ್ರೆ ನನ್ನ ಮೆಷಿನ್ನು ಆರಾಮಾಗಿ ಹಿಡಿಯುತ್ತೆ" ಎಂದ ದರ್ಜಿ.

"ಇನ್ನೂ ದಪ್ಪಗಿರೋದು ತೋರ್ಸಿ" ಎಂದ ಪೈಪಣ್ಣ.

"ಅಲ್ಲ ಸ್ವಾಮಿ, ಬಂದೋರೆಲ್ಲ ಜಾಗ ಉಳಿಸೋದು ಕೇಳ್ತಾರೆ. ನೀವೊಬ್ರು ಜಾಗ ನುಂಗೋದು ಕೇಳ್ತಿದೀರಲ್ಲ!"

"ಹೌದು, ಎಷ್ಟು ನುಂಗಿದ್ರೆ ಅಷ್ಟು ಒಳ್ಳೇದು."

ಯಜಮಾನ ಶೆಡ್ಡಿನ ಹಿಂದಿನ ಮೂಲೆಗೆ ಹೋಗಿ, ಜೇಡರ ಬಲೆ ಸರಿಸಿ, ಎರಡು ಕಬ್ಬಿಣದ ಹಲಗೆ ಎಳೆದು ತಂದ. ಹಲಗೆ ಎನ್ನುವುದಕ್ಕಿಂತ ಗೋಡೆ ಎನ್ನಬೇಕು. ಒಂದೊಂದೂ ಗೇಣು ದಪ್ಪ. ಗೂಡುಗಳು, ಕೊಕ್ಕೆಗಳು, ಪಟ್ಟಿಗಳು. ಯಾರೋ ಮಾಡಿಸಿ, ಒಮ್ಮೆ ಬಂದು ನೋಡಿ, ಮತ್ತೆ ಈ ಕಡೆ ತಲೆ ಹಾಕಿರಲಿಲ್ಲವಂತೆ. ಪೈಪಣ್ಣನಿಗೆ ನೋಡಿದೊಡನೆ ಪ್ರೀತಿ ಹುಟ್ಟಿತು.

"ಇದೇ! ಎರಡೂ ಪಕ್ಕಕ್ಕೆ."

"ನಿನಗೇನು ತಲೆ ಕೆಟ್ಟಿದೆಯೇನೋ?" ಗುಮಾಸ್ತರು ಗಾಬರಿಯಾದರು. "ಹೋಗ್ಲಿ, ಬೋಲ್ಟ್ ಹಾಕ್ಸು. ಭಾನುವಾರಕ್ಕೊಂದು ಸಲ ಬಿಚ್ಚಿದ್ರಾಯ್ತು."

ಪೈಪಣ್ಣ ಬೆಚ್ಚಿದ. ಬೋಲ್ಟು ಹಾಕಿದರೆ 'ಬಿಚ್ಚಪ್ಪಾ' ಎನ್ನುತ್ತಾರೆ, ತಾನು 'ಅದಕ್ಕೇನು' ಎನ್ನುತ್ತೇನೆ. ತನ್ನ ಬುದ್ಧಿ ತನಗೆ ಗೊತ್ತಿಲ್ಲವೇ? ಜೀವಮಾನದಲ್ಲಿ ಮೊದಲ ಸಲ ಅವನ ದನಿ ಏರಿತು.

"ವೆಲ್ಡಿಂಗ್ ಮಾಡಿ!"

"ಬೆಸುಗೆ ಹಾಕಿದ್ಮೇಲೆ ಬಿಚ್ಚೋ ಮಾತಿಲ್ಲ" ಯಜಮಾನ ಎಚ್ಚರಿಸಿದ. "ಕಿತ್ರೆ ಗಾಡಿ ಮೈಯೂ ಕಿತ್ಕೊಂಡು ಬರುತ್ತೆ."

"ಅದೇ ಬೇಕಾಗಿರೋದು. ಯಾರು ಏನೇ ಅಂದ್ರೂ ಬಿಚ್ಚೋಕಾಗ್ಬಾರ್ದು."

"ಬೇಡ್ವೋ!" ಎಂದರು ಗುಮಾಸ್ತರು. "ಬೇಡ ಕಣೋ!" ಎಂದ ದರ್ಜಿ. ಯಜಮಾನ ಮುಖವಾಡ ಇಳಿಸಿದ. ಕಿಡಿ ಹಾರಿತು. ಪೈಪಣ್ಣ ಕಣ್ಣಿಗೆ ಕೈ ಅಡ್ಡ ಹಿಡಿದು, ಒಳಗೊಳಗೇ ನಗುತ್ತಾ ನಿಂತ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಕೆಲಸ ಮುಗಿಯಿತು. ಪೈಪ್ ರೆಂಚು, ಸ್ಪ್ಯಾನರು, ಗರಗಸ, ಸುತ್ತಿಗೆ, ಪೈಪು ಬಾಗಿಸುವ ಸ್ಪ್ರಿಂಗು, ಎಲ್ಲವನ್ನೂ ಮದುವೆಗೆ ಸಿಂಗರಿಸಿದಂತೆ ತೂಗುಹಾಕಿದ. ತುದಿಯಲ್ಲಿ ಒಂದು ಕೊಕ್ಕೆ ಮಾತ್ರ ಖಾಲಿ ಉಳಿಯಿತು. ಏನು ಹಾಕೋಣವೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಇರಲಿ, ಮುಂದೆ ಏನಾದರೂ ಬರುತ್ತದೆ ಎಂದುಕೊಂಡ.

ದಾರಿಯುದ್ದಕ್ಕೂ ಗುಮಾಸ್ತರು ಮುಖ ಊದಿಸಿಕೊಂಡಿದ್ದರು. ಒಂದು ಸಲ ಮಾತ್ರ ಹಿಂದೆ ತಿರುಗಿ ನೋಡಿ, "ನಮ್ಮ ಬೀರು ಗತಿ?" ಎಂದರು. ಪೈಪಣ್ಣ ಬಹಳ ದುಃಖದಿಂದ, "ಏನ್ಮಾಡೋದು ಸಾರ್, ಜಾಗಾನೇ ಇಲ್ಲ" ಎಂದ. 'ಇಲ್ಲ' ಎನ್ನುವುದು ಇಷ್ಟು ಸಿಹಿಯಾಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮನೆ ಮುಂದೆ ಷಡ್ಡಕನ ಕಾರು ಬಂದು ನಿಂತಿತ್ತು. ಷಡ್ಡಕ ಓದದೆ ಪರೀಕ್ಷೆಗೆ ಬಂದ ಹುಡುಗನಂತೆ ಮೂಲೆಯಲ್ಲಿ ಕೂತಿದ್ದ. ಹೆಂಡತಿ ಅಪ್ಪನ ಬಟ್ಟೆ ಮಡಚುತ್ತಿದ್ದಳು. ಮಾವ ಬಿಳಿ ಬೂಟು ಕಟ್ಟಿ ತಯಾರಾಗಿದ್ದರು. ಅಳಿಯನನ್ನು ಕಂಡದ್ದೇ ಸೀಟಿ ಊದಿದರು.

"ಬಂದ್ರಾ ಅಳಿಯಂದ್ರೇ? ಸರಿ, ಎಲ್ರೂ ಬನ್ನಿ. ಮಂಚ ಗಾಡಿಗೆ ಹತ್ಸೋಣ!"

ಪೈಪಣ್ಣ ಗಾಡಿಯ ಹಲಗೆಗಳತ್ತ ತಿರುಗಿ ನೋಡಿದ. ಮಂಚ! ಆ ಮಂಚವಿಲ್ಲದೆ ಮಾವನಿಗೆ ಕಣ್ಣು ಹತ್ತುವುದಿಲ್ಲ. ಪ್ರತಿ ಸಲವೂ ಮಾವ ಕಾರಿನಲ್ಲಿ, ಮಂಚ ಪೈಪಣ್ಣನ ಗಾಡಿಯಲ್ಲಿ. ಮಾವ ಹೋಗುವ ಖುಷಿಯಲ್ಲಿ ಮಂಚ ಹೋಗಬೇಕೆನ್ನುವುದೇ ಮರೆತುಹೋಗಿತ್ತು.

ಗುಮಾಸ್ತರು, ದರ್ಜಿ, ಷಡ್ಡಕ, ಪೈಪಣ್ಣ ನಾಲ್ವರೂ ಏದುಸಿರು ಬಿಡುತ್ತಾ, ಸೀಟಿಯ ತಾಳಕ್ಕೆ ಹೆಜ್ಜೆ ಹಾಕುತ್ತಾ, ಮಂಚವನ್ನು ಗಾಡಿಯ ಬಳಿ ತಂದರು. ಒಳಗೆ ತಳ್ಳಿದರು. ಟಣ್! ಇತ್ತ ಸರಿಸಿದರು. ಟಣ್! ದರ್ಜಿ ಕತ್ತಿನ ಟೇಪು ತೆಗೆದು ಮಂಚ ಅಳೆದ, ಬಾಡಿ ಅಳೆದ, ತಲೆಯಾಡಿಸಿದ.

"ಮೂರು ಬೆರಳು ಬಿಗಿ. ಬಟ್ಟೆಯಾಗಿದ್ರೆ ಹೊಲಿಗೆ ಬಿಚ್ಚಿ ಸಡಿಲ ಮಾಡ್ತಿದ್ದೆ. ಇದು ವೆಲ್ಡಿಂಗು."

"ಓರೆ ಮಾಡಿ ಇಡೋಣ!" ಪೈಪಣ್ಣ ಕೂಗಿದ.

"ಸಾಧ್ಯವೇ ಇಲ್ಲ" ಎಂದರು ಮಾವ. "ಹಿಂದೆ ಒಂದ್ಸಲ ಓರೆ ಮಾಡಿದ್ದಕ್ಕೆ ಒಂದು ಕಾಲು ಇವತ್ತಿಗೂ ಕಿರ್ ಅನ್ನುತ್ತೆ."

"ಹಾಗಾದ್ರೆ ಬೇರೆ ಗಾಡಿ ತರ್ತೀನಿ ಮಾವ! ಈಗ್ಲೇ! ಓಡಿಹೋಗಿ ತರ್ತೀನಿ!"

ಮಾವ ಗಾಡಿಯ ಸುತ್ತ ಒಂದು ಸುತ್ತು ಬಂದರು. ಹಲಗೆ ಮುಟ್ಟಿದರು. ಬೆಸುಗೆ ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು.

"ಇದನ್ನ ಯಾವಾಗ ಹಾಕ್ಸಿದ್ದು?"

"ಇವತ್ತೇ ಸಾರ್!" ಗುಮಾಸ್ತರು ದೂರು ಹೇಳಲು ಕಾದೇ ಇದ್ದರು. "ತೆಳ್ಳಗಿರೋದು ತಗೋ ಅಂದೆ, ಕೇಳ್ಲಿಲ್ಲ. ಜಾಗ ನುಂಗೋದೇ ಬೇಕು ಅಂತ ಹಟ."

"ಮಡಚೋದು ತಗೋ ಅಂತ ನಾನೂ ಬಡ್ಕೊಂಡೆ" ಎಂದ ದರ್ಜಿ. "ಯಾರು ಏನೇ ಅಂದ್ರೂ ಬಿಚ್ಚೋಕಾಗ್ಬಾರ್ದು ಅಂತ ಕಿರುಚಿಬಿಟ್ಟ ಸಾರ್. ಪೈಪಣ್ಣ ಕಿರುಚಿದ್ದು ನಾನು ನೋಡಿದ್ದೇ ಇವತ್ತು."

ಮಾವನ ಬಾಯಿಂದ ಸೀಟಿ ಜಾರಿತು. ಅವರು ಮಂಚದ ಅಂಚಿನ ಮೇಲೆ, ಬೀದಿಯಲ್ಲೇ, ಮೆಲ್ಲಗೆ ಕೂತರು.

"ನಾನು ಹೋಗೋ ದಿನಾನೇ ನೋಡಿ... ನನ್ನ ಮಂಚ ಹತ್ತಬಾರ್ದು ಅಂತ..." ಅವರು ಹಲಗೆಯತ್ತ ಕೈ ತೋರಿಸಿದರು. "ಅಳಿಯಂದ್ರೇ, ನಾನು ಪಾಪಿ ಕಣ್ರೀ. ಇಬ್ರು ಅಳಿಯಂದ್ರೂ ನನ್ನನ್ನ ಫುಟ್‌ಬಾಲ್ ಮಾಡ್ಕೊಂಡಿದಾರೆ, ಆ ಕಡೆಯೋನು ಈ ಕಡೆಗೆ ಒದೀತಾನೆ, ಈ ಕಡೆಯೋನು ಆ ಕಡೆಗೆ ಒದೀತಾನೆ ಅಂತ ಅಂದ್ಕೊಂಡಿದ್ದೆ. ಪ್ರತಿ ಸಲ ಗಂಟು ಕಟ್ಟೋವಾಗ ಹೊಟ್ಟೆ ಉರೀತಿತ್ತು. ನನ್ನನ್ನ ಕಳಿಸೋಕೆ ಮನಸ್ಸಿಲ್ದೆ ಒಬ್ರು ಗಾಡೀನೇ ಕಿರಿದು ಮಾಡಿಸ್ತಾರೆ ಅಂತ ಕನಸಲ್ಲೂ ಎಣಿಸಿರ್ಲಿಲ್ಲ."

"ರೀ..." ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಮದುವೆಯಾದ ಹೊಸತರಲ್ಲೂ ಅವಳು ಅವನನ್ನು ಹಾಗೆ ನೋಡಿರಲಿಲ್ಲ. "ಮನಸ್ಸಲ್ಲಿ ಇಷ್ಟು ಇಟ್ಕೊಂಡು ಒಂದ್ಮಾತೂ ಆಡಲಿಲ್ವಲ್ರೀ."

ಪೈಪಣ್ಣ ಬಾಯಿ ತೆರೆದ. ಮುದುಕರ ಕಣ್ಣಲ್ಲಿ ನೀರು ನಿಂತಿತ್ತು, ನಿಜವಾದ ನೀರು. ಅವನು ಬಾಯಿ ಮುಚ್ಚಿದ.

ಷಡ್ಡಕನ ಮುಖದಲ್ಲಿ ಮಾತ್ರ ಹುಣ್ಣಿಮೆ. "ಇಂಥ ಪ್ರೀತೀನ ಅಗಲಿಸಿದ್ರೆ ನನಗೆ ಒಳ್ಳೇದಾಗುತ್ತಾ ಅಣ್ಣ? ಮಾವ ಇಲ್ಲೇ ಇರ್ಲಿ. ನಾವೇ ಬಂದು ಆಗಾಗ..." ಎಂದ. ಉಳಿದ ಮಾತು ಕಾರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕಾರು ಆಗಲೇ ಬೀದಿಯ ತಿರುವು ದಾಟಿತ್ತು.

ಈ ಗಲಾಟೆಯ ನಡುವೆ ದರ್ಜಿ ಗುಮಾಸ್ತರ ಮನೆಯೊಳಗೆ ಹೋಗಿ ಟೇಪು ಹಿಡಿದೇ ಹೊರಬಂದ. "ಗುಮಾಸ್ತರೇ, ನಿಮ್ಮ ಬೀರು ನಿಲ್ಲಿಸಿದ್ರೆ ಎರಡು ಹಲಗೆ ಮಧ್ಯೆ ಹೊಲಿದು ಕೊಟ್ಟ ಹಾಗೆ ಕೂರುತ್ತೆ! ಅಲ್ಲಾಡೋ ಮಾತೇ ಇಲ್ಲ. ಹಗ್ಗ ಕಟ್ಟೋಕೆ ಕೊಕ್ಕೇನೂ ಇದೆ."

"ಪೈಪಣ್ಣ!" ಗುಮಾಸ್ತರು ಅವನನ್ನು ತಬ್ಬಿಕೊಂಡರು. "ಇದಕ್ಕೇನಯ್ಯಾ ದಪ್ಪದ್ದೇ ಬೇಕು ಅಂದಿದ್ದು? ನಾನು ಸುಮ್ನೆ ಬೈದೆ."

ಮಾವ ಕಣ್ಣೊರೆಸಿಕೊಂಡು ಎದ್ದು ನಿಂತರು. ಎದೆ ಮತ್ತೆ ಉಬ್ಬಿತು. "ಭಾನುವಾರ ತಾನೆ? ಹೊತ್ತು ಹುಟ್ಟೋ ಮುಂಚೆನೇ ಎಲ್ರನ್ನೂ ಎಬ್ಬಿಸ್ತೀನಿ. ಇನ್ಮೇಲೆ ಆರು ತಿಂಗಳ ಲೆಕ್ಕ ಇಲ್ಲ, ಈ ಮನೇನೇ ನನ್ನ ಮನೆ. ಕೂತು ತಿನ್ನೋನಲ್ಲ ನಾನು, ದಿನಾ ನಿಮ್ಮ ಜೊತೆ ಗಾಡೀಲಿ ಕೆಲ್ಸಕ್ಕೂ ಬರ್ತೀನಿ. ಆಗ್ಬಹುದಾ ಅಳಿಯಂದ್ರೇ?"

ಎಲ್ಲರೂ ಪೈಪಣ್ಣನ ಬಾಯಿಯನ್ನೇ ನೋಡಿದರು. 'ಇಲ್ಲ' ಗಂಟಲವರೆಗೂ ಬಂತು.

"ಅದಕ್ಕೇನು ಮಾವ" ಎಂದ ಪೈಪಣ್ಣ. "ನಿಮಗೆ ಇಲ್ಲ ಅಂತೀನಾ?"

ಮಾವ ಕತ್ತಿನಿಂದ ಸೀಟಿ ತೆಗೆದು, ತುದಿಯ ಖಾಲಿ ಕೊಕ್ಕೆಗೆ ತೂಗುಹಾಕಿದರು.

"ಇದು ಗಾಡಿಗೆ. ಮನೆಗೆ ಬೇರೆ ಇದೆ" ಎಂದರು.