ದೊಡ್ಡ ಡಬ್ಬದ ಹಸಿರು ಬಣ್ಣ

ಅಡಿಗೆಮನೆಯ ಕಪಾಟಿನ ಹಿಡಿಯೊಂದು ಕಿತ್ತು ಕೈಗೆ ಬಂದದ್ದೇ ಇಷ್ಟಕ್ಕೆಲ್ಲ ಕಾರಣ. ಕೈ ಗುಮಾಸ್ತರದಲ್ಲ, ಅವರ ಹೆಂಡತಿಯದು. ಕಿತ್ತ ಹಿಡಿಯನ್ನು ಹಿಡಿದುಕೊಂಡೇ ಆಕೆ ಹಜಾರಕ್ಕೆ ಬಂದು, ಪಕ್ಕದ ಮನೆಯ ನರ್ಸಮ್ಮ ಕೂತಿದ್ದಾರೆ ಎನ್ನುವುದನ್ನೂ ಲೆಕ್ಕಿಸದೆ, "ಈ ಮನೇಲಿ ಒಂದು ಮೊಳೆ ಹೊಡೆಯೋಕೆ ಬರೋ ಗಂಡಸು ಇಲ್ಲ" ಎಂದುಬಿಟ್ಟರು. ನರ್ಸಮ್ಮ ಮರ್ಯಾದಸ್ಥರು, ನಗುವನ್ನು ಕಾಫಿಯ ಜೊತೆ ನುಂಗಿದರು. ನುಂಗಿದ ಸದ್ದು ಗುಮಾಸ್ತರಿಗೆ ಕೇಳಿಸಿತು.

ಗುಮಾಸ್ತರು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಮೊಹರು ಒತ್ತುವವರು. ಊಟಕ್ಕೆ ಕೂತರೂ ಮುಖದ ಮುಂದೆ ಒಂದು ಪುಸ್ತಕ ಇರಲೇಬೇಕು. ತಟ್ಟೆಗೆ ಏನು ಬಿತ್ತು ಎನ್ನುವುದು ಅವರಿಗೆ ಗೊತ್ತಾಗುತ್ತಿದ್ದುದೇ ಕೈ ತೊಳೆಯುವಾಗ. ಅಂಥವರಿಗೂ ಆ ಮಾತು ಎದೆಗೆ ನಾಟಿತು. ಹೆಂಡತಿ ಅದನ್ನು ಅದೇ ಬಾಯಿಂದ, ಅದೇ ನರ್ಸಮ್ಮನ ಎದುರಿಗೆ ವಾಪಸು ತೆಗೆದುಕೊಳ್ಳಬೇಕು. ಅಷ್ಟಾದರೆ ಜನ್ಮ ಸಾರ್ಥಕ ಎಂದು ತೀರ್ಮಾನಿಸಿದರು.

ಭಾನುವಾರ ಬೆಳಿಗ್ಗೆ ಹೆಂಡತಿ ತಂಗಿಯ ಮನೆಗೆ ಹೊರಟರು. "ರಾತ್ರಿ ಊಟದ ಹೊತ್ತಿಗೆ ಬರ್ತೀನಿ. ಅತ್ತೆಗೆ ಸರಿಯಾಗಿ ಊಟ ಹಾಕಿ. ಬೇರೆ ಏನನ್ನೂ ಮುಟ್ಟೋಕೆ ಹೋಗ್ಬೇಡಿ."

ಗೇಟು ಮುಚ್ಚಿದ್ದೇ ತಡ, ಗುಮಾಸ್ತರು ತೋಳು ಮಡಚಿದರು. ಹೊಸ ಕಪಾಟು ಮಾಡಿಸುವುದು ಕೈಗೆಟುಕುವ ಮಾತಲ್ಲ. ಇರುವುದಕ್ಕೇ ಬಣ್ಣ ಹಚ್ಚಿ, ಹಳೆಯ ಹಿಡಿಗಳನ್ನು ಉಜ್ಜಿ ಹೊಳೆಯುವಂತೆ ಮಾಡಿದರೆ ಯಾರು ಬೇಡ ಅನ್ನುತ್ತಾರೆ?

ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅವರ ಅಮ್ಮ ಎಲ್ಲವನ್ನೂ ನೋಡುತ್ತಿದ್ದರು. ಅಮ್ಮನಿಗೆ ಕಿವಿ ಮಂದ. ಯಾವಾಗ ಮಂದ, ಯಾವಾಗ ಚುರುಕು ಎನ್ನುವುದು ಮಾತ್ರ ಅವರೊಬ್ಬರಿಗೇ ಗೊತ್ತು.

"ಯಾವ ಬಣ್ಣ ಹಚ್ಲಮ್ಮ?"

"ನನ್ನನ್ಯಾಕೆ ಕೇಳ್ತೀಯೋ ಪುಟ್ಟಾ? ನಾನು ಮೂಲೇಲಿ ಕೂತಿರೋಳು." ಅಮ್ಮ ಸೆರಗು ಸರಿಮಾಡಿಕೊಂಡರು. "ಅಂಗಡೀಲಿ ನೂರೆಂಟು ತೋರಿಸಿ ತಲೆ ಕೆಡಿಸ್ತಾರೆ. ನನ್ನ ಮಂಚದ ಕೆಳಗೆ ಕಾಲ್ಮಣೆ ಇದೆ ನೋಡು, ಅದನ್ನ ಎತ್ಕೊಂಡು ಹೋಗು. ಇದೇ ಬಣ್ಣ ಕೊಡಿ ಅಂದ್ರೆ ಮುಗೀತು. ಹಾಂ, ದೊಡ್ಡ ಡಬ್ಬಾನೇ ತಗೋ."

"ಇಷ್ಟಕ್ಕೆ ಸಣ್ಣದು ಸಾಕಲ್ಲಮ್ಮ?"

ಅಮ್ಮನಿಗೆ ಕಿವಿ ಕೇಳಿಸಲಿಲ್ಲ.

ಕಾಲ್ಮಣೆಯ ಬಣ್ಣ ಗಿಳಿ ಹಸಿರು. ಅದನ್ನು ಹೆಗಲ ಮೇಲಿಟ್ಟುಕೊಂಡು ಗುಮಾಸ್ತರು ಬಣ್ಣದಂಗಡಿಗೆ ನಡೆದಾಗ, ದಾರಿಯಲ್ಲಿ ಸಿಕ್ಕವರು ಮನೆ ಖಾಲಿ ಮಾಡುತ್ತಿದ್ದೀರಾ ಎಂದು ವಿಚಾರಿಸಿದರು. ಹೂಂ ಅನ್ನಲೂ ಆಗದೆ ಊಹೂಂ ಅನ್ನಲೂ ಆಗದೆ, ಬೇಗ ಒಣಗುವ ಬಣ್ಣದ ದೊಡ್ಡ ಡಬ್ಬವನ್ನೇ ಹೊತ್ತು ತಂದರು.

ಕೆಲಸಕ್ಕೆ ಮೊದಲು ಬುದ್ಧಿವಂತಿಕೆಯೊಂದನ್ನು ಮಾಡಿದರು. ಬಾಗಿಲುಗಳನ್ನು ಬಿಚ್ಚುತ್ತಾ ಪ್ರತಿಯೊಂದರ ಹಿಂದೆ ಸೀಮೆಸುಣ್ಣದಲ್ಲಿ ಒಂದು ಅಂಕಿ, ಅದರ ಚೌಕಟ್ಟಿನ ಮೇಲೆ ಅದೇ ಅಂಕಿ. ಪುಸ್ತಕಕ್ಕೆ ಅಂಕಿ ಹಾಕಿದವರಿಗೆ ಬಾಗಿಲು ಯಾವ ಲೆಕ್ಕ! ಕೀಲು, ತಿರುಪು, ಹಿಡಿಗಳನ್ನೆಲ್ಲ ಕೈಗೆ ಸಿಕ್ಕ ದೊಡ್ಡ ಪಾತ್ರೆಗೆ ಸುರಿದು, ಅಡಿಗೆ ಸೋಡ ಹಾಕಿ ಕುದಿಯಲು ಇಟ್ಟರು. ಹಿಡಿಗಳ ಮೇಲಿದ್ದ ಕಂದು ಬಣ್ಣ ಹಾಲಿನ ಕೆನೆಯಂತೆ ಸುಲಿದು ಬಂತು. ಒಳಗೆ ಅಪ್ಪಟ ಹಿತ್ತಾಳೆ! ಪಾತ್ರೆ ಹೆಂಡತಿಯ ಹಾಲಿನ ಪಾತ್ರೆ ಎಂದು ಗೊತ್ತಾಗುವಷ್ಟರಲ್ಲಿ ಸುಲಿದ ಬಣ್ಣವೆಲ್ಲ ಅದರ ಒಳಗೋಡೆಗೆ ಮೆತ್ತಿಕೊಂಡಿತ್ತು.

ಆ ವಾಸನೆ ಹಿಡಿದು ಎದುರುಮನೆಯ ಇಂಜಿನಿಯರು ಬಂದರು. ನಿವೃತ್ತರು. ಸೇತುವೆ ಕಟ್ಟಿದವರು, ಈಗ ಕಟ್ಟಲು ಸೇತುವೆಯಿಲ್ಲದೆ ಕೈ ಕೈ ಹಿಸುಕಿಕೊಳ್ಳುತ್ತಿದ್ದವರು.

"ಏನ್ರೀ ಇದು? ಸೀಮೆಸುಣ್ಣದ ಮೇಲೆ ಬಣ್ಣ ನಿಲ್ಲುತ್ತೇನ್ರೀ?" ಎಂದವರೇ ಒದ್ದೆ ಬಟ್ಟೆ ತೆಗೆದುಕೊಂಡು ಬಾಗಿಲುಗಳನ್ನೆಲ್ಲ ಒರೆಸಿದರು. ಗುಮಾಸ್ತರು ಹಾಂ ಹಾಂ ಅನ್ನುವಷ್ಟರಲ್ಲಿ ಚೌಕಟ್ಟುಗಳನ್ನೂ ಒರೆಸಿಯಾಗಿತ್ತು. ಆಮೇಲೆ ಉಪ್ಪುಕಾಗದ ಹಿಡಿದು ತಾವೇ ಉಜ್ಜಲು ಕೂತರು.

"ರೀ, ಈ ಕಂದು ಬಣ್ಣದ ಕೆಳಗೆ ಹಸಿರು ಕಾಣಿಸ್ತಿದೆಯಲ್ರೀ?"

"ಅದು ಪಾಚಿ" ಎಂದರು ಅಮ್ಮ, ಕುರ್ಚಿಯಿಂದಲೇ. "ತೇವಕ್ಕೆ ಕಟ್ಟಿರುತ್ತೆ. ಉಜ್ಜಿ, ಉಜ್ಜಿ."

ಗಂಡಸರಿಬ್ಬರೂ ತಲೆಯಾಡಿಸಿದರು. ಪಾಚಿ ಯಾಕೆ ಕಟ್ಟುತ್ತದೆ, ಸೇತುವೆಯ ಕಂಬಗಳಿಗೆ ಅದು ಎಂಥ ಶತ್ರು ಎನ್ನುವುದನ್ನು ಇಂಜಿನಿಯರು ಉಜ್ಜುತ್ತಲೇ ವಿವರಿಸಿದರು. ವಿವರಣೆ ಮುಗಿದಾಗ ಮಾತ್ರೆ ನುಂಗುವ ಹೊತ್ತಾಯಿತೆಂದು ಎದ್ದು ಹೋದರು.

ಚೌಕಟ್ಟುಗಳಿಗೂ ಬಾಗಿಲುಗಳಿಗೂ ಹಸಿರು ಬಳಿದು, ಬಾಗಿಲುಗಳನ್ನು ಗುಮಾಸ್ತರು ಒಂದೊಂದಾಗಿ ತಾರಸಿಗೆ ಹೊತ್ತು, ಬಿಸಿಲಿಗೆ ಸಾಲಾಗಿ ಒರಗಿಸಿದರು. ಕೆಳಗೆ ಬಂದು ಅಮ್ಮನಿಗೆ ಊಟ ಹಾಕಿ, ತಾವೂ ಎರಡು ತುತ್ತು ತಿಂದು, ನಿಂಬೆಹಣ್ಣು ಉಪ್ಪು ಹಾಕಿ ಹಿಡಿಗಳನ್ನು ತಿಕ್ಕತೊಡಗಿದರು. ಒಂದೊಂದು ಹಿಡಿಯೂ ಹೂವಿನಾಕಾರದ್ದು. ತಿಕ್ಕಿದಷ್ಟೂ ಹೊಳೆಯಿತು. ಅಮ್ಮ ಒಂದನ್ನು ಕೇಳಿ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡರು.

ಅಷ್ಟರಲ್ಲಿ ತಾರಸಿಯಿಂದ ಕಿರುಚಾಟ ಕೇಳಿಸಿತು. ಗಾಳಿ ಬೀಸಿದ್ದಕ್ಕೆ ನರ್ಸಮ್ಮನ ಬಿಳಿ ಸಮವಸ್ತ್ರ ಹಗ್ಗದಿಂದ ಹಾರಿ ಬಂದು ಹಸಿ ಬಾಗಿಲನ್ನು ಅಪ್ಪಿಕೊಂಡಿತ್ತು. ಬಿಡಿಸಿದಾಗ ಅರ್ಧ ನರ್ಸಮ್ಮನದು, ಅರ್ಧ ಗಿಳಿಯದು.

"ನಾಳೆ ಇದನ್ನ ಹಾಕ್ಕೊಂಡು ಹೋದ್ರೆ ರೋಗಿಗಳು ಏನಂದ್ಕೋಬೇಕು?"

"ತೊಳೆದುಕೊಡ್ತೀನಿ ನರ್ಸಮ್ಮಾ. ದಯವಿಟ್ಟು ಇವಳಿಗೆ ಮಾತ್ರ ಹೇಳ್ಬೇಡಿ."

"ಹೇಳಿಯಾಯ್ತು. ಆಗಲೇ ಫೋನ್ ಮಾಡಿದೆ. ನಿಮ್ಮ ಯಜಮಾನ್ರು ಅಡಿಗೆಮನೇನ ಬಿಚ್ಚಿ ತಾರಸಿ ಮೇಲೆ ಹರಡಿದ್ದಾರೆ ಅಂದೆ. ಈಗಿನ ಬಸ್ಸಿಗೇ ಹೊರಟ್ರು."

ಗುಮಾಸ್ತರು ಎದ್ದೆನೋ ಬಿದ್ದೆನೋ ಎಂದು ಕೆಲಸಕ್ಕೆ ಧುಮುಕಿದರು. ಬಾಗಿಲುಗಳನ್ನು ಕೆಳಗಿಳಿಸಿ ಜೋಡಿಸಲು ಹೋದರೆ ಯಾವುದೂ ಎಲ್ಲೂ ಕೂರುತ್ತಿಲ್ಲ. ಹಳೆಯ ಕಪಾಟು, ಒಂದೊಂದು ಚೌಕಟ್ಟಿಗೂ ಒಂದೊಂದು ಅಳತೆ, ಅಂಕಿಗಳು ಇಂಜಿನಿಯರ ಒದ್ದೆ ಬಟ್ಟೆಯಲ್ಲಿ. ಒಂದು ಬಾಗಿಲು ದೊಡ್ಡದಾಯಿತು, ಇನ್ನೊಂದು ಚಿಕ್ಕದಾಯಿತು, ಮತ್ತೊಂದು ತಲೆಕೆಳಗಾಗಿ ಕೂತು ಅವರನ್ನೇ ಅಣಕಿಸಿತು. ನೆಲದ ಮೇಲೆ ಕುಸಿದು ಕೂತು ತಲೆಯ ಮೇಲೆ ಕೈಯಿಟ್ಟುಕೊಂಡರು. ತಲೆಯೂ ಹಸಿರಾಯಿತು.

"ಅದು ಅಲ್ಲಿಯದಲ್ಲ ಕಣೋ" ಎಂದರು ಅಮ್ಮ. "ಅದು ಸಕ್ಕರೆ ಡಬ್ಬದ ಬಾಗಿಲು. ಕೆಳಗಿನ ಮೂಲೆ ಸವೆದಿದೆ ನೋಡು, ಚಿಕ್ಕೋನಿದ್ದಾಗ ನೀನು ಕದ್ದು ಕದ್ದು ತೆಗೆದು ಸವೆದಿದ್ದು. ಆ ಉದ್ದದ್ದು ಎಣ್ಣೆ ಡಬ್ಬದ್ದು. ಇದು ಒಲೆ ಪಕ್ಕದ್ದು, ಹಬೆಗೆ ಸ್ವಲ್ಪ ಬಾಗಿದೆ."

ಅಮ್ಮ ಹೇಳುತ್ತಾ ಹೋದರು, ಮಗ ತಿರುಪು ಬಿಗಿಯುತ್ತಾ ಹೋದರು. ಬಾಗಿಲುಗಳು ಹುಟ್ಟಿದ ಮನೆ ಸೇರಿದಂತೆ ಹೋಗಿ ಕೂತವು. ಎಷ್ಟೋ ವರ್ಷಗಳ ಮೇಲೆ ಅಮ್ಮನ ಜೊತೆ ಇಷ್ಟು ಹೊತ್ತು ಮಾತಾಡಿದೆ ಎನಿಸಿ ಗುಮಾಸ್ತರಿಗೆ ಖುಷಿಯಾಯಿತು.

ಕೊನೆಯ ಹಿಡಿ ಬಿಗಿಯುವುದಕ್ಕೂ ಗೇಟು ಸದ್ದು ಮಾಡುವುದಕ್ಕೂ ಸರಿಹೋಯಿತು. ಮುಂದೆ ಹೆಂಡತಿ, ಹಿಂದೆ ಸಮವಸ್ತ್ರ ಹಿಡಿದ ನರ್ಸಮ್ಮ.

"ನೋಡು!" ಎಂದು ಗುಮಾಸ್ತರು ಪಕ್ಕಕ್ಕೆ ಸರಿದರು. "ಯಾರೋ ಪುಣ್ಯಾತ್ಮರು ಹಿತ್ತಾಳೆ ಮೇಲೆಲ್ಲ ಕಂದು ಬಣ್ಣ ಬಳಿದಿದ್ರು ಕಣೇ!"

"ಆ ಪುಣ್ಯಾತ್ಮಳು ನಾನೇ" ಎಂದರು ಹೆಂಡತಿ, ತಣ್ಣಗೆ.

ಗುಮಾಸ್ತರು ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

"ನಾನು ಮದುವೆಯಾಗಿ ಈ ಮನೆಗೆ ಬಂದಾಗ ಇದೇ ಗಿಳಿ ಹಸಿರು, ಇವೇ ಹೂವಿನ ಹಿಡಿ. ಬೆಳಗಾದ್ರೆ ಕಣ್ಣಿಗೆ ಹೊಡೆಯೋದು. ಬದಲಾಯಿಸೋಣ ಅಂದ್ರೆ ಅತ್ತೆ ಒಪ್ಪಲ್ಲ. ಕಾದೂ ಕಾದೂ, ಅವರು ಮಗಳ ಬಾಣಂತನಕ್ಕೆ ಹೋದಾಗ ಕಂದು ಬಣ್ಣ ಹಚ್ಚಿಸಿದೆ. ಆಗ ನೀವು ಇಲ್ಲೇ ಕೂತು ಊಟ ಮಾಡ್ತಿದ್ರಿ!"

"ಹೌದಾ? ಮೊದಲು ಹಸಿರಿತ್ತಾ?"

"ಚಿಕ್ಕಂದಿನಿಂದ ಸಕ್ಕರೆ ಕದ್ದ ಕಪಾಟಿನ ಬಣ್ಣ ನೆನಪಿಲ್ವಾ?"

"ಸಕ್ಕರೆ ನೆನಪಿದೆ" ಎಂದರು ಗುಮಾಸ್ತರು, ಪ್ರಾಮಾಣಿಕವಾಗಿ.

ಹೆಂಡತಿ ನಿಧಾನವಾಗಿ ಅತ್ತೆಯ ಕಡೆ ತಿರುಗಿದರು. ಅತ್ತೆ ಕಣ್ಣು ಮುಚ್ಚಿದ್ದರು, ನಿದ್ದೆ ಬಂದಿರಬೇಕು. ಸೊಸೆಯ ತುಟಿಯ ಕೊನೆಯಲ್ಲಿ, ಬೇಡ ಬೇಡವೆಂದರೂ, ಒಂದು ನಗು ಸುಳಿಯಿತು. ಆಕೆ ಬಾಗಿಲುಗಳನ್ನು ಒಂದೊಂದಾಗಿ ತೆಗೆದು ಮುಚ್ಚಿ ನೋಡಿದರು. ಎಲ್ಲೂ ಕಚ್ಚಿಕೊಳ್ಳಲಿಲ್ಲ.

"ಕೆಲಸ ಮಾತ್ರ ಅಚ್ಚುಕಟ್ಟು. ನರ್ಸಮ್ಮಾ, ಅವತ್ತು ನಾನಾಡಿದ ಮಾತು ವಾಪಸ್ ತಗೊಂಡೆ."

ಗುಮಾಸ್ತರ ಎದೆ ಉಬ್ಬಿತು. ಜನ್ಮ ಸಾರ್ಥಕವಾಯಿತು.

"ಇಷ್ಟು ಚೆನ್ನಾಗಿ ಬರುತ್ತೆ ಅಂದ್ಮೇಲೆ, ಬರೋ ಭಾನುವಾರ ಇದಿಷ್ಟಕ್ಕೂ ಕಂದು ಬಣ್ಣ ಹಚ್ಚಿಬಿಡಿ. ಹಿಡಿಗಳಿಗೂ. ಈಗ ಆ ಹಾಲಿನ ಪಾತ್ರೆ ಉಜ್ಜಿ. ಆಮೇಲೆ ನರ್ಸಮ್ಮನ ಬಟ್ಟೆ."

ಹೆಂಡತಿ ನರ್ಸಮ್ಮನನ್ನು ಕರೆದುಕೊಂಡು ಹಜಾರಕ್ಕೆ ಹೋದರು. ಗುಮಾಸ್ತರು ಹಾಲಿನ ಪಾತ್ರೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅಮ್ಮ ಒಂದು ಕಣ್ಣು ತೆರೆದು, ಸುತ್ತ ನೋಡಿ, ಮಗನ ಕಡೆ ಬಗ್ಗಿದರು.

"ಬ್ರಷ್ಷನ್ನ ಸೀಮೆಎಣ್ಣೇಲಿ ಚೆನ್ನಾಗಿ ತೊಳೆದಿಡು ಪುಟ್ಟಾ. ಮುಂದಿನ ತಿಂಗಳು ಅವಳು ಮತ್ತೆ ತಂಗಿ ಮನೆಗೆ ಹೋಗ್ತಾಳಂತೆ."

"ಅಮ್ಮಾ!"

"ದೊಡ್ಡ ಡಬ್ಬ ತಗೋ ಅಂದಿದ್ದು ಮತ್ಯಾಕೆ ಅಂದ್ಕೊಂಡೆ?"