ಹದಿನೈದೇ ನಿಮಿಷದ ತೆರಿಯಾಕಿ

ಅಡುಗೆಗೆ ‘ಸುಲಭ’ ಎಂಬ ಮಾತನ್ನು ಮೊದಲು ಅಂಟಿಸಿದವರು ಯಾರೋ ಗೊತ್ತಿಲ್ಲ. ಅವರ ಮನೆಯಲ್ಲಿ ಪಾತ್ರೆ ತೊಳೆಯುವವರು ಬೇರೆ ಇದ್ದರೆಂಬುದು ಮಾತ್ರ ಖಂಡಿತ. ಮೊಬೈಲು ತೆರೆದರೆ ಸಾಕು, ಸುಲಭದ ಹೋಳಿಗೆ, ದಿಢೀರ್ ಬಿರಿಯಾನಿ, ಕಣ್ಣುಮುಚ್ಚಿ ಬಿಡುವುದರೊಳಗೆ ಮೈಸೂರುಪಾಕು. ಮಾಡಿ ತೋರಿಸುವ ಹೆಂಗಸಿನ ಸೀರೆಗೆ ಒಂದು ಹನಿ ಎಣ್ಣೆ ಸಿಡಿಯುವುದಿಲ್ಲ. ಈರುಳ್ಳಿ ತಾನಾಗಿಯೇ ಹೆಚ್ಚಿಕೊಂಡು ಬಟ್ಟಲಲ್ಲಿ ಕೂತಿರುತ್ತದೆ. ನಾನು ಇಂಥವನ್ನೆಲ್ಲ ನಂಬುವವಳೇ ಅಲ್ಲ ಎಂದು ತೀರ್ಥಹಳ್ಳಿಯ ಅರ್ಧ ಪೇಟೆಗೆ ಹೇಳಿಕೊಂಡು ತಿರುಗಿದವಳು. ಆದರೂ ನಂಬಿದೆ. ಯಾಕೆಂದರೆ ನನಗೆ ಭಾನುವಾರ ಮಧ್ಯಾಹ್ನ ಒಂದು ನಿದ್ದೆ ಬೇಕಿತ್ತು.

ನಗಬೇಡಿ. ವಾರವಿಡೀ ಶಾಲೆಯಲ್ಲಿ ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುವ ನನಗೆ ಊಟ ಮುಗಿಸಿ ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗಬೇಕೆಂಬುದೊಂದೇ ಆಸೆ. ಒಡವೆ ಕೇಳಿದವಳಲ್ಲ, ಪ್ರವಾಸ ಕೇಳಿದವಳಲ್ಲ. ಆದರೆ ನಮ್ಮ ಮನೆಯಲ್ಲಿ ಭಾನುವಾರ ಎಂದರೆ ಕೋಳಿ ಸಾರು ಮತ್ತು ಕಡುಬು. ಇದು ಅತ್ತೆಯವರು ಬರೆದ ಸಂವಿಧಾನ, ಇದಕ್ಕೆ ತಿದ್ದುಪಡಿ ಇಲ್ಲ. ಮಸಾಲೆಯನ್ನು ಒರಳಲ್ಲೇ ರುಬ್ಬಬೇಕು. ಮಿಕ್ಸಿಯಲ್ಲಿ ರುಬ್ಬಿದ್ದು ಸಾರಲ್ಲ, ಜ್ವರದ ಕಷಾಯ ಎಂಬುದು ಅವರ ಮತ. ಅಕ್ಕಿತರಿಯ ಹಿಟ್ಟನ್ನು ಅಂಗೈ ಚುರುಗುಟ್ಟುವಾಗಲೇ ಉಂಡೆ ಕಟ್ಟಿ ಹಬೆಗೆ ಇಡಬೇಕು. ಎಲ್ಲರೂ ಉಂಡು, “ಅಮ್ಮನ ಕೈರುಚಿಯೇ ರುಚಿ” ಎಂದು ನಮ್ಮ ಯಜಮಾನರು ತೇಗಿ, ರಾಶಿ ಪಾತ್ರೆ ನನ್ನ ಪಾಲಿಗೆ ಬಂದು ಮುಗಿಯುವಷ್ಟರಲ್ಲಿ ಸಂಜೆಯ ಕಾಫಿಗೆ ಹಾಲಿಡುವ ಹೊತ್ತು.

ಹೀಗಿರುವಾಗ ಒಂದು ದಿನ ಮೊಬೈಲಿನಲ್ಲಿ ತೆರಿಯಾಕಿ ಕೋಳಿ ಕಣ್ಣಿಗೆ ಬಿತ್ತು. ಜಪಾನಿನ ಅಡುಗೆಯಂತೆ. ಒಂದೇ ಬಾಣಲೆ, ಹದಿನೈದೇ ನಿಮಿಷ. ಮೂಳೆಯಿಲ್ಲದ ಕೋಳಿ, ಸೋಯಾ ಸಾಸು, ಸಕ್ಕರೆ, ಶುಂಠಿ, ಬೆಳ್ಳುಳ್ಳಿ, ಒಂದಿಷ್ಟು ಅಕ್ಕಿಯ ಮದ್ಯ, ಮೇಲೆ ಉದುರಿಸಲು ಎಳ್ಳು. ಜೊತೆಗೆ ಬರೀ ಅನ್ನ. ರುಬ್ಬುವುದಿಲ್ಲ, ಉಂಡೆ ಕಟ್ಟುವುದಿಲ್ಲ! ಆ ಹೆಂಗಸು ಕೊನೆಯಲ್ಲಿ ತಲೆ ಓರೆ ಮಾಡಿ ನಕ್ಕು, “ಬಹಳ ಸುಲಭ” ಎಂದಳು. ನನಗೆ ಆ ಕೋಳಿಯ ಹಿಂದೆ ಚಾಪೆ, ದಿಂಬು ಕಾಣಿಸಿದವು.

ಅತ್ತೆಯವರ ಮುಂದೆ ಅರ್ಜಿ ಇಟ್ಟೆ. ಅವರು ಎಲ್ಲವನ್ನೂ ಕೇಳಿ, “ಹೆಂಡ ಹಾಕಿ ಅಡುಗೆನಾ? ನಮ್ಮನೆ ಗಂಡಸ್ರು ಹೊರಗೆ ಕುಡ್ಕೊಂಡ್ ಬರೋದು ಸಾಲ್ದು ಅಂತ ನೀನು ತಟ್ಟೇಲೇ ಕುಡಿಸ್ತೀಯಾ?” ಎಂದರು. ಹೆಂಡದ ಬದಲು ಲಿಂಬೆಹುಳಿ ಎಂದು ರಾಜಿಯಾಯಿತು. “ಒಂದ್ ಭಾನುವಾರ ಮಾಡ್ ನೋಡು ಮಾರಾಯ್ತಿ. ಎಲ್ರಿಗೂ ರುಚಿ ಹಿಡಿದ್ರೆ ಅದನ್ನೇ ಮಾಡ್ಕೋ. ನಂಗೆಂತ?” ಎಂದರು. ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕೆ. ಒಂದೇ ಒಂದು ಸಲ ಗೆದ್ದರೆ ಸಾಕು, ಇನ್ನು ಮುಂದಿನ ಭಾನುವಾರಗಳೆಲ್ಲ ನನ್ನವು.

ಯಜಮಾನರಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ: ಬ್ರಾಯ್ಲರ್ ಕೋಳಿ, ಮೂಳೆ ತೆಗೆಸಿ ತನ್ನಿ. ಅಷ್ಟರಲ್ಲಿ ಶನಿವಾರ ಸಂಜೆ ಸಾಗರದಿಂದ ಫೋನು ಬಂತು. ನಾದಿನಿ ಕವಿತಾ ಮತ್ತು ಅವಳ ಗಂಡ ಭಾನುವಾರ ಊಟಕ್ಕೆ ಬರುತ್ತಾರಂತೆ. ಬರಲಿ, ಜಪಾನು ನೋಡಿ ಹೋಗಲಿ ಎಂದುಕೊಂಡೆ. ಬೆಳಿಗ್ಗೆ ನೋಡಿದರೆ ಯಜಮಾನರು ಪಕ್ಕದ ಮೇಳಿಗೆ ಊರಿನಿಂದ ಬೈಕಿನ ಹ್ಯಾಂಡಲಿಗೆ ಒಂದು ನಾಟಿ ಹುಂಜವನ್ನು ತಲೆಕೆಳಗಾಗಿ ನೇತುಹಾಕಿಕೊಂಡು ಬರುತ್ತಿದ್ದಾರೆ! ಅದರ ವಯಸ್ಸು ನಮ್ಮ ಹೆಡ್ಮಾಸ್ಟರಿಗಿಂತ ಸ್ವಲ್ಪ ಕಡಿಮೆ ಇರಬಹುದು; ಗತ್ತು ಮಾತ್ರ ಅವರದೇ.

“ಅಯ್ಯೋ, ಇದೆಂತದ್ರೀ?” ಎಂದೆ.

“ಅಳಿಯ ಬರ್ತಿರೋವಾಗ ಬ್ರಾಯ್ಲರ್ ತರೋಕಾಗುತ್ತೇನೆ? ನಾಳೆ ಸಾಗರ ಪೂರ್ತಿ ಹೇಳ್ಕೊಂಡ್ ತಿರುಗ್ತಾನೆ.”

“ಸರಿ, ಮೂಳೆನಾದ್ರೂ ತೆಗೆದು ಕೊಡಿ.”

ಒಳಗಿನಿಂದ ಅತ್ತೆಯವರ ದನಿ ಬಂತು. “ಮೂಳೆ ತೆಗೆದ್ರೆ ಅಳಿಯನ ಎಲೆಗೆ ಎಂತ ಹಾಕ್ತೀಯ?”

ಅದೂ ಹೌದು. ನಮ್ಮ ಕಡೆ ಅಳಿಯನ ಎಲೆಗೆ ಕೋಳಿಯ ಇಡೀ ಕಾಲು ಬೀಳಲೇಬೇಕು. ಅತ್ತೆಯವರ ತವರಿನಲ್ಲಿ ಹಿಂದೆ ಯಾವುದೋ ಹಬ್ಬದಲ್ಲಿ ಕಾಲು ಪಕ್ಕದ ಎಲೆಗೆ ಹೋಯಿತೆಂದು ಅಳಿಯ ಕೈ ತೊಳೆದು ಎದ್ದವನು ವರ್ಷಗಟ್ಟಲೆ ಆ ಕಡೆ ತಲೆ ಹಾಕಿರಲಿಲ್ಲವಂತೆ. ಹೆಣ್ಣು ಕೊಟ್ಟದ್ದಕ್ಕಿಂತ ಕಾಲು ಕೊಡದಿದ್ದದ್ದೇ ನೆನಪಿನಲ್ಲಿ ಉಳಿಯುವ ಜನ ನಾವು. ಹಾಗಾಗಿ ಹುಂಜ ಮೂಳೆ ಸಮೇತ, ಕಾಲು ಸಮೇತ ಅಡುಗೆಮನೆಗೆ ಬಂತು. ಅದಕ್ಕೆ ಮೊದಲು ಯಜಮಾನರು ಅದರ ಪುಕ್ಕ ಕಿತ್ತು, ಅರಿಶಿನ ಹಚ್ಚಿ, ಹಿತ್ತಿಲಲ್ಲಿ ಬೆಂಕಿಯ ಮೇಲೆ ಸುಟ್ಟು ತಂದರು. ಈ ಕೆಲಸವೆಲ್ಲ ಹದಿನೈದು ನಿಮಿಷದ ಲೆಕ್ಕದಲ್ಲಿ ಎಲ್ಲಿ ಬರುತ್ತದೆಂದು ಆ ಹೆಂಗಸು ಹೇಳಿರಲಿಲ್ಲ.

ದೇವರ ಮೇಲೆ ಭಾರ ಹಾಕಿ ಶುರು ಮಾಡಿದೆ. ಸಕ್ಕರೆಯ ಬದಲು ಮನೆಯಲ್ಲಿದ್ದ ಜೋನಿ ಬೆಲ್ಲ ಸುರಿದೆ. ನೀರುನೀರಾದ ಬೆಲ್ಲ, ಬೇಗ ಕರಗುತ್ತದೆಂಬ ನನ್ನ ಬುದ್ಧಿವಂತಿಕೆ. ಸೋಯಾ ಸಾಸು ಹಾಕಿದ್ದೇ ತಡ, ಬಾಣಲೆ ಬುಸುಗುಟ್ಟಿತು. ಹದಿನೈದು ನಿಮಿಷಕ್ಕೆ ಸರಿಯಾಗಿ ಸಾಸು ಡಾಂಬರಾಗಿತ್ತು. ಹುಂಜ ಮಾತ್ರ ಹ್ಯಾಂಡಲಿಗೆ ನೇತಾಡುವಾಗ ಎಷ್ಟು ಗಟ್ಟಿಯಿತ್ತೋ ಅಷ್ಟೇ ಗಟ್ಟಿ. ಚಾಕು ಚುಚ್ಚಿದರೆ ಚಾಕು ಬಾಗಿತು. ವಿಧಿಯಿಲ್ಲದೆ ಎಲ್ಲವನ್ನೂ ಕುಕ್ಕರಿಗೆ ತುಂಬಿದೆ. ಸೀಟಿಯ ಮೇಲೆ ಸೀಟಿ. ಯಜಮಾನರು ಬಾಗಿಲಲ್ಲಿ ನಿಂತು, “ಜಪಾನಲ್ಲೂ ಹಿಂಗೇ ಕೂಗಿಸ್ತಾರೇನೆ?” ಎಂದು ಕೇಳಿದರು. ಆಗ ಕೈಯಲ್ಲಿ ಸೌಟಿತ್ತು, ಎಸೆಯಲಿಲ್ಲ. ಇವತ್ತಿಗೂ ನನ್ನ ತಾಳ್ಮೆಯ ಬಗ್ಗೆ ನನಗೇ ಗೌರವ.

ಕುಕ್ಕರು ತಣಿಯಲೆಂದು ಕಾಯುತ್ತಿದ್ದಾಗ ಹಿಂದಿನ ಕೋಣೆಯಿಂದ ಗಡಗಡ ಸದ್ದು ಕೇಳಿತು. ಹೋಗಿ ನೋಡಿದರೆ ಅತ್ತೆಯವರು ಒರಳಿನ ಮುಂದೆ ಕೂತಿದ್ದಾರೆ! ಪಕ್ಕದಲ್ಲಿ ಅರ್ಧ ಹುಂಜ. ನನಗೆ ತಿಳಿಯದ ಹಾಗೆ ಮೊದಲೇ ತೆಗೆದಿಟ್ಟಿದ್ದರು.

“ಅಳಿಯ ಹಸ್ಕೊಂಡ್ ಹೋದ್ರೆ ಯಾರ ಮರ್ಯಾದೆ ಹೋಗೋದು?” ಎಂದರು. “ಹಂಗೇ ನಿಂತ್ಕೋಬೇಡ. ಕಡುಬಿನ ಹಿಟ್ಟು ಆರ್ತಾ ಇದೆ, ಉಂಡೆ ಕಟ್ಟು ಬಾ.”

ಕಟ್ಟಿದೆ. ಅಂಗೈ ಸುಟ್ಟುಕೊಂಡು ಕಡುಬೂ ಕಟ್ಟಿದೆ, ಹೊಸದಾಗಿ ಸಾಸು ಕಾಯಿಸಿ ಬೆಂದ ಹುಂಜಕ್ಕೆ ಬಳಿದು ತೆರಿಯಾಕಿಯನ್ನೂ ಮುಗಿಸಿದೆ. ಕೊನೆಗೆ ಎಳ್ಳು ಉದುರಿಸಹೋದರೆ ಮನೆಯಲ್ಲಿದ್ದದ್ದು ಕರಿ ಎಳ್ಳು. ಅತ್ತೆಯವರು ಎದೆ ಮುಟ್ಟಿಕೊಂಡು, “ಕೋಳಿ ಮೇಲೆ ಎಳ್ಳು ಬಿಡ್ತೀಯಲ್ಲೇ, ಅದೆಂತ ನಮ್ಮ ಹಿರೀಕರಾ?” ಎಂದರು. ಎಳ್ಳು ಡಬ್ಬಿಗೆ ವಾಪಸು ಹೋಯಿತು.

ಊಟಕ್ಕೆ ಕೂತರು. ಅಳಿಯನ ಎಲೆಯಲ್ಲಿ ಒಂದು ಕಾಲು ಸಾರಿನದು, ಇನ್ನೊಂದು ಕಾಲು ತೆರಿಯಾಕಿಯದು. ಅವರು ಮೊದಲು ನನ್ನ ಕಾಲನ್ನೇ ಕೈಗೆತ್ತಿಕೊಂಡರು. ಕಚ್ಚಿದರು, ಎಳೆದರು, ಜಗಿದರು. ನನ್ನ ಅಷ್ಟೂ ಭಾನುವಾರಗಳು ಆ ಮನುಷ್ಯನ ದವಡೆಯಲ್ಲಿದ್ದವು.

“ಭಾರೀ ರುಚಿ ಆಗಿದೆ ಅತ್ತೆ,” ಎಂದರು ಅಳಿಯ. “ಇನ್ನೊಂದ್ ಚೂರು ಇದ್ರೆ ಹಾಕಿ.”

ಗೆದ್ದೆ! ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಅತ್ತೆಯವರೂ ಒಂದು ಚೂರು ಬಾಯಿಗೆ ಹಾಕಿಕೊಂಡು, ಚಪ್ಪರಿಸಿ, ತಲೆದೂಗಿದರು. “ಚೆನಾಗೇ ಇದೆ ಕಣೆ. ಹಂಗಾದ್ರೆ ಇನ್ಮೇಲೆ ಭಾನುವಾರ ಸಾರು ಕಡುಬಿನ ಜೊತೆ ಇದೂ ಇರ್ಲಿ. ಹದಿನೈದೇ ನಿಮಿಷದ ಕೆಲ್ಸ ಅಂದಿದ್ಯಲ್ಲ?”

ಎಲ್ಲರೂ ಹೌದೆಂದರು. ಪ್ರಜಾಪ್ರಭುತ್ವದಲ್ಲಿ ಇಂಥ ಒಮ್ಮತ ಅಪರೂಪ.

ಊಟವಾಯಿತು. ಕವಿತಾಳಿಗೆ ಇದು ತವರುಮನೆಯಲ್ಲವೇ? ತಿಂದು ಕೈ ತೊಳೆದವಳೇ ಫ್ಯಾನಿನ ಕೆಳಗೆ, ನಾನು ಬೆಳಿಗ್ಗೆಯೇ ಆಸೆಯಿಂದ ಹಾಸಿಟ್ಟಿದ್ದ ಚಾಪೆಯ ಮೇಲೆ, ನನ್ನದೇ ದಿಂಬಿಗೆ ತಲೆ ಕೊಟ್ಟು ಗೊರಕೆ ಹೊಡೆದಳು. ನಾನು ಬಚ್ಚಲ ಕಲ್ಲಿನ ಮೇಲೆ ಕೂತು ಬಾಣಲೆಗೆ ಕಚ್ಚಿಕೊಂಡ ಜೋನಿ ಬೆಲ್ಲವನ್ನು ಕೆರೆದೆ. ತೆಂಗಿನ ನಾರಿಗೆ ಬಗ್ಗಲಿಲ್ಲ, ಬೂದಿಗೆ ಬಗ್ಗಲಿಲ್ಲ. ಉಗುರೆಲ್ಲ ಕಪ್ಪಾಯಿತು. ಕೆರೆಯುತ್ತಾ ಆ ಮೊಬೈಲಿನ ಹೆಂಗಸಿಗೆ ಹಾಕಿದ ಶಾಪವನ್ನು ಇಲ್ಲಿ ಬರೆಯುವ ಹಾಗಿಲ್ಲ. ಎಷ್ಟೆಂದರೂ ನಾನು ಮೇಷ್ಟ್ರಮ್ಮ.

ಸಂಜೆ ಕವಿತಾ ಆಕಳಿಸುತ್ತಾ ಎದ್ದು ಬಂದಳು. ಕೆನ್ನೆಯ ಮೇಲೆ ನನ್ನ ಚಾಪೆಯ ಗೆರೆಗಳು ಮೂಡಿದ್ದವು.

“ಅತ್ತಿಗೆ, ಆ ಜಪಾನಿಂದು ಹೆಂಗ್ ಮಾಡೋದು, ನಂಗೂ ಹೇಳ್ಕೊಡಿ. ಭಾನುವಾರ ಬಂದ್ರೆ ನಮ್ಮನೇಲೂ ಇಡೀ ದಿನ ಒಲೆ ಮುಂದೇನೇ. ಒಂದ್ ಗಳಿಗೆ ಮಲಗಕ್ಕಾಗಲ್ಲ. ಇದು ಕಷ್ಟನಾ?”

ಅವಳ ಮುಖ ನೋಡಿದೆ, ಗೆರೆಗಳನ್ನೂ ನೋಡಿದೆ. ಕಪ್ಪಾದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ತಲೆ ಸ್ವಲ್ಪ ಓರೆ ಮಾಡಿ, ಹಲ್ಲು ಕಾಣುವಂತೆ ನಕ್ಕೆ.

“ಅಯ್ಯೋ, ಬಹಳ ಸುಲಭ ಕಣೆ,” ಎಂದೆ. “ಹದಿನೈದೇ ನಿಮಿಷ.”